ಒಂದು ಲೋಟ

ಭಾನುವಾರ ಬೆಳಿಗ್ಗೆ ಮಲ್ಲೇಶ್ವರದ ಸೋದರಮಾವನ ಮನೆ ಅಂಗಳದಲ್ಲಿ ಮೆಕ್ಯಾನಿಕ್ ಹುಡುಗ ಹೇಳಿದ ಎರಡೇ ಎರಡು ಪದ ಇನ್ನೂ ನನ್ನ ತಲೆಯಿಂದ ಇಳಿದಿಲ್ಲ. "ಆಯ್ತು ಸಾರ್." ಅಷ್ಟೇ. ಬೈದದ್ದಲ್ಲ, ಎದುರು ಮಾತಾಡಿದ್ದೂ ಅಲ್ಲ. ಆದರೂ ಬುಧವಾರದವರೆಗೆ ನನಗೆ ನೆಟ್ಟಗೆ ನಿದ್ದೆ ಬರಲಿಲ್ಲ.

ಮಾವನ ಹತ್ತಿರ ಒಂದು ಎಂಜಿ ಟಿಡಿ ಇದೆ. 1952ರದ್ದು. ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ ತಯಾರಾದ ಸ್ಪೋರ್ಟ್ಸ್ ಕಾರು. ಎರಡೇ ಸೀಟು, 1250 ಸಿಸಿ ಎಂಜಿನ್, ಎರಡು ಎಸ್‌ಯು ಕಾರ್ಬೊರೇಟರ್. 1974ರಲ್ಲಿ ಚಿಕ್ಕಮಗಳೂರಿನ ಕಾಫಿ ತೋಟದವರೊಬ್ಬರಿಂದ ಮಾವ ಕೊಂಡರು. ಆಗ ಅದನ್ನು ಯಾರೂ ಕ್ಲಾಸಿಕ್ ಅನ್ನುತ್ತಿರಲಿಲ್ಲ, ಹಳೇ ಕಾರು ಅನ್ನುತ್ತಿದ್ದರು. ಮಾವ ಎಚ್‌ಎಂಟಿಯ ಟೂಲ್‌ರೂಮಿನಲ್ಲಿದ್ದವರು. ಐವತ್ತು ವರ್ಷ ಆ ಕಾರಿನ ಒಂದು ಬೋಲ್ಟನ್ನೂ ಹೊರಗಿನವರ ಕೈಗೆ ಕೊಟ್ಟವರಲ್ಲ. ಈಗ 82. ಮೊಣಕಾಲು ಮಡಚಲು ಆಗುವುದಿಲ್ಲ, ಕಾರಿನ ಕೆಳಗೆ ನುಗ್ಗಲು ಆಗುವುದಿಲ್ಲ. ಅವರ ಮಗ ಸಿಯಾಟಲ್‌ನಲ್ಲಿದ್ದಾನೆ. ಪ್ರತಿ ವಿಡಿಯೋ ಕಾಲಿನಲ್ಲೂ "ಮಾರಿಬಿಡಿ ಅಪ್ಪಾ" ಅನ್ನುತ್ತಾನೆ. ಒಳ್ಳೆಯವನೇ, ಆದರೆ ಅಪ್ಪನ ಕೈಗೆ ಆಮೇಲೆ ಏನು ಕೆಲಸ ಅಂತ ಒಂದು ಸಲವೂ ಕೇಳಿದ್ದನ್ನು ನಾನು ಕಂಡಿಲ್ಲ.

ಆಯುಧಪೂಜೆ ಹತ್ತಿರ ಬಂತು. ಪ್ರತಿ ವರ್ಷ ಅವತ್ತು ಕಾರನ್ನು ತೊಳೆದು, ಹೂವು ಹಾಕಿ, ಸ್ಯಾಂಕಿ ಕೆರೆ ಸುತ್ತ ಒಂದು ಸುತ್ತು ಹೊಡೆಯಲೇಬೇಕು. ಅದಕ್ಕೇ ಹೋದ ವಾರ ಕೀ ತಿರುಗಿಸಿದೆವು. ಪೆಟ್ರೋಲ್ ಪಂಪು ಟಿಕ್ ಟಿಕ್ ಟಿಕ್ ಅಂತ ಬಡಿಯಿತು. ಕಾರ್ಬೊರೇಟರಿನ ಬೌಲುಗಳು ತುಂಬಿದ ಮೇಲೆ ನಿಂತಿತು. ಅಂದರೆ ಪೆಟ್ರೋಲು ಮುಂದಕ್ಕೆ ಬಂದಿದೆ. ಆದರೆ ಎಂಜಿನ್ ಎರಡು ಸಲ ಕೆಮ್ಮಿ ಸತ್ತುಹೋಯಿತು. ಮತ್ತೆ ಮತ್ತೆ ಅದೇ ಕೆಮ್ಮು.

ಮಾವ ಕುರ್ಚಿಯಿಂದ ಏಳದೆಯೇ ಹೇಳಿದರು: "ನೀರು."

ಅವರು ಹೇಳಿದ್ದು ಸರಿ. ಟಿಡಿಯ ಟ್ಯಾಂಕು ಡಿಕ್ಕಿಯೊಳಗೆ ಅಡಗಿರುವುದಿಲ್ಲ, ಸೀಟಿನ ಹಿಂದೆ ಹೊರಗೇ ಕಾಣುವಂತೆ ನಿಂತಿರುತ್ತದೆ. ಸ್ಟೆಪ್ನಿ ಅದರ ಬೆನ್ನಿಗಿರುತ್ತದೆ, ಮುಚ್ಚಳ ಮೇಲಿರುತ್ತದೆ. ಶೆಡ್ಡಿನ ಶೀಟಿನಲ್ಲಿ ಒಂದು ತೂತು ಬಿದ್ದಿತ್ತು, ನೇರ ಆ ಮುಚ್ಚಳದ ಮೇಲೆ. ಮುಚ್ಚಳದ ವಾಷರ್ ಒಣಗಿ ಬಿರಿದಿತ್ತು. ಜೂನ್‌ನಿಂದ ಸುರಿದ ಮಳೆ ಹನಿ ಹನಿಯಾಗಿ ಒಳಗೆ ಇಳಿದಿದೆ.

ಮಳೆಗಾಲಕ್ಕೆ ಮೊದಲು ಟ್ಯಾಂಕು ತುಂಬಿಸಿಡುವುದು ಮಾವನ ಪದ್ಧತಿ. ಸುಮಾರು 56 ಲೀಟರ್ ಹಿಡಿಯುತ್ತದೆ. ತುಂಬಿದ್ದರೆ ಒಳಗೆ ಗಾಳಿ ಕಡಿಮೆ. ಗಾಳಿ ಕಡಿಮೆಯಾದರೆ ತೇವ ಕಡಿಮೆ, ತುಕ್ಕು ಕಡಿಮೆ. ಅಕಸ್ಮಾತ್ ನೀರು ಸೇರಿದರೂ ಚಿಂತೆಯಿಲ್ಲ, ನೀರು ಪೆಟ್ರೋಲಿಗಿಂತ ಭಾರ, ತಳಕ್ಕೆ ಹೋಗಿ ಕೂರುತ್ತದೆ. ತಳದ ಡ್ರೈನ್ ಪ್ಲಗ್ ತೆಗೆದು ಒಂದು ಲೋಟ ಬಿಟ್ಟರೆ ನೀರು ಹೋಯಿತು. ನಾನು ಚಿಕ್ಕವನಿದ್ದಾಗ ಈ ಕೆಲಸ ಎಷ್ಟೋ ಸಲ ನೋಡಿದ್ದೇನೆ. ಹಿತ್ತಾಳೆ ಲೋಟ ಹಿಡಿಯುವುದು ನನ್ನ ಪಾಲಿನ ಕೆಲಸವಾಗಿತ್ತು.

ಭಾನುವಾರ ಹುಡುಗ ಬಂದ. ಇಪ್ಪತ್ತೈದು ಇಪ್ಪತ್ತಾರು ವಯಸ್ಸಿರಬಹುದು. ಬಂದವನೇ ಪ್ಲಾಸ್ಟಿಕ್ ಬಕೆಟ್ ಇಟ್ಟ. ಮಾವ ತಕ್ಷಣ ತಡೆದರು. "ಪ್ಲಾಸ್ಟಿಕ್ ಬೇಡಪ್ಪ. ಪೆಟ್ರೋಲು ಸುರಿಯುವಾಗ ಸ್ಟ್ಯಾಟಿಕ್ ಕರೆಂಟು ಸೇರಿಕೊಳ್ಳುತ್ತೆ, ಒಂದು ಕಿಡಿ ಸಾಕು. ತಗಡಿನ ಡಬ್ಬ ಇಡು. ಡಬ್ಬಕ್ಕೂ ಟ್ಯಾಂಕಿಗೂ ತಾಮ್ರದ ತಂತಿ ಕಟ್ಟು. ಮೊದಲು ಬ್ಯಾಟರಿ ಬಿಚ್ಚು." ಹುಡುಗ ಒಂದು ಕ್ಷಣ ಅವರನ್ನೇ ನೋಡಿದ. ಅವನಿಗೆ ಈ ಮಾತು ಹೊಸದು ಅಂತ ಮುಖದಲ್ಲೇ ಗೊತ್ತಾಗುತ್ತಿತ್ತು. "ಆಯ್ತು ಸಾರ್" ಅಂದ. ಎರಡು ಕಡೆಯೂ ಬಣ್ಣ ಕೆರೆದು ತಂತಿ ಕಟ್ಟಿದ. ಅದು ಮೊದಲನೇ ಆಯ್ತು ಸಾರ್. ಅದರಲ್ಲಿ ಕಲಿತವನ ಖುಷಿಯಿತ್ತು.

ಪ್ಲಗ್ ತೆಗೆದ. ಮಾವ ತಮ್ಮ ಹಳೇ ವಿಟ್‌ವರ್ತ್, ಅಂದರೆ ಹಳೇ ಬ್ರಿಟಿಷ್ ಅಳತೆಯ, ಸ್ಪ್ಯಾನರನ್ನೇ ಕೊಟ್ಟಿದ್ದರು. ಹಳದಿ ಕಂದು ಬಣ್ಣದ ದ್ರವ ಬಂತು. ಮಾವ ಕುರ್ಚಿಯಿಂದಲೇ ಅಂದರು: "ಒಂದು ಲೋಟ ಬಿಟ್ಟು ಪ್ಲಗ್ ಹಾಕಪ್ಪ. ಸಾಕು."

"ಆಯ್ತು ಸಾರ್."

ಇದೇ ಆ ಎರಡನೆಯದು. ಹೇಳಿ, ಒಂದು ಲೋಟದಷ್ಟು ಬಿಟ್ಟು, ಪ್ಲಗ್ ಹಾಕಿಯೇ ಬಿಟ್ಟ. ಬಟ್ಟೆಯಲ್ಲಿ ಕೈ ಒರೆಸಿಕೊಂಡು ನನ್ನ ಕಡೆ ನೋಡಿದ. ಅಷ್ಟರಲ್ಲಿ ಅತ್ತೆ ಸ್ನಾನಕ್ಕೆ ನೀರು ಕಾದಿದೆ ಅಂತ ಕರೆದರು. ಮಾವ ಗೋಡೆ ಹಿಡಿದುಕೊಂಡು ಒಳಗೆ ಹೋದರು. ಸ್ನಾನ, ಪೂಜೆ, ತಿಂಡಿ ಅಂದರೆ ಒಂದೂವರೆ ಗಂಟೆ. ಹುಡುಗ ಮೆಲ್ಲಗೆ ಕೇಳಿದ: "ಹೋದ್ರಾ ಅಣ್ಣಾ?" ಮತ್ತೆ ಪ್ಲಗ್ ಬಿಚ್ಚಿದ.

ಆಮೇಲೆ ನಾನು ಕಂಡದ್ದನ್ನು ಮರೆಯಲು ಆಗುವುದಿಲ್ಲ. ಅವನು ಪ್ರತಿ ಲೀಟರಿಗೂ ಸ್ವಲ್ಪ ಹಾರ್ಲಿಕ್ಸ್ ಬಾಟಲಿಗೆ ಹಿಡಿದು ಬಿಸಿಲಿಗೆ ಎತ್ತಿ ತೋರಿಸಿದ. ಒಂದು ಲೀಟರ್. ಅದೇ ಕಂದು. ಎರಡು, ಮೂರು. ಅದೇ. ಐದಾಯಿತು. ಏಳಕ್ಕೂ ಮುಗಿಯಲಿಲ್ಲ. ಎಂಟನೇ ಲೀಟರಿಗೆ ಬಾಟಲಿಯ ನಡುವೆ ಒಂದು ಗೆರೆ ಕಂಡಿತು. ಕೆಳಗೆ ಕಂದು, ಮೇಲೆ ತಿಳಿ. ಇಷ್ಟು ನೀರು ಟ್ಯಾಂಕಿಗೆ ಬೀಳಲು ಸಾಧ್ಯವೇ ಇಲ್ಲ ಅಂದೆ.

"ಎಲ್ಲಾ ನೀರಲ್ಲ ಅಣ್ಣಾ. ಎಥನಾಲ್."

ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಭಾಗ ಎಥನಾಲ್ ಇರುತ್ತದೆ. ಅದೂ ಆಲ್ಕೋಹಾಲೇ. ಅದಕ್ಕೆ ಪೆಟ್ರೋಲಿಗಿಂತ ನೀರು ಜಾಸ್ತಿ ಇಷ್ಟ. ಸ್ವಲ್ಪ ನೀರಾದರೆ ಮೂರೂ ಬೆರೆತುಕೊಂಡಿರುತ್ತವೆ. ನೀರು ಒಂದು ಮಿತಿ ದಾಟಿತೋ, ಎಥನಾಲು ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ಸೇರಿ ತಳಕ್ಕೆ ಇಳಿಯುತ್ತದೆ. ಒಂದು ಒಂದೂವರೆ ಲೀಟರ್ ಮಳೆನೀರು ಹೀಗೆ ಎಂಟು ಲೀಟರಾಗುತ್ತದೆ. ಪಂಪು ಮೊದಲು ಎಳೆಯುವುದು ಆ ತಳದ್ದನ್ನೇ. ಮೇಲೆ ಉಳಿದ ಪೆಟ್ರೋಲಿನಲ್ಲೂ ಎಥನಾಲ್ ಹೋಗಿ ಆಕ್ಟೇನ್, ಅಂದರೆ ಎಂಜಿನ್ ಬಡಿಯದಂತೆ ಉರಿಯುವ ಗುಣ, ಇಳಿದಿರುತ್ತದೆ. ಅದಕ್ಕೇ ಹುಡುಗ ಪೂರ್ತಿ ಖಾಲಿ ಮಾಡಿದ. ಐದು ಸಾವಿರಕ್ಕೂ ಮೇಲಿನ ಪೆಟ್ರೋಲು. ಕಾರ್ಬೊರೇಟರಿನ ಬೌಲು ಬಿಚ್ಚಿ ಒರೆಸಿದ, ಪಂಪಿನ ಫಿಲ್ಟರ್ ತೊಳೆದ. ಪ್ಲಗ್ಗನ್ನು ಮೊದಲು ಬೆರಳಲ್ಲೇ ಕೂರಿಸಿ ಆಮೇಲೆ ಸ್ಪ್ಯಾನರ್ ಹಾಕಿದ. ಕೈ ಒಳ್ಳೆಯದು ಅವನದು. ಅವನ ಮೇಲೆ ನನಗೆ ಕೋಪವಿಲ್ಲ.

ಡಬ್ಬಗಳನ್ನು ಮಾವ ಬರುವಷ್ಟರಲ್ಲಿ ಅವನ ಲಗೇಜ್ ಆಟೋಗೆ ಸಾಗಿಸಿದೆವು. ನಾನೇ ಎತ್ತಿಕೊಟ್ಟೆ. ಹೊಸ ಪೆಟ್ರೋಲು ಐದು ಲೀಟರ್ ಹಾಕಿ ಸ್ಟಾರ್ಟ್ ಮಾಡಿದರೆ ಒಂದೇ ಸಲಕ್ಕೆ ಹಿಡಿಯಿತು. ಆ ಸದ್ದಿಗೆ ಮಾವ ಪಂಚೆಯಲ್ಲೇ ಹೊರಗೆ ಬಂದರು. ಹಣೆಯ ಗಂಧ ಇನ್ನೂ ಹಸಿಯಾಗಿತ್ತು. ಮುಖ ಅರಳಿತ್ತು.

"ನೋಡಿದ್ರಾ? ಒಂದು ಲೋಟ."

ಹುಡುಗ "ಹೌದು ಸಾರ್" ಅಂದ. ನಾನು "ಹೌದು ಮಾವ" ಅಂದೆ.

ಮನೆಗೆ ಬಂದ ಮೇಲೆ ಮೊದಲು ಅನ್ನಿಸಿದ್ದು, ಒಳ್ಳೆಯದೇ ಆಯಿತು ಅಂತ. ವಯಸ್ಸಾದವರ ಮನಸ್ಸು ನೋಯಿಸಲಿಲ್ಲ, ಕೆಲಸವೂ ಆಯಿತು. ಆದರೆ ಸೋಮವಾರ ಆಫೀಸಿನಲ್ಲಿ ಕೂತಾಗ ಆ ಎರಡು ಆಯ್ತುಗಳೂ ಒಂದರ ಪಕ್ಕ ಒಂದು ಬಂದು ನಿಂತವು. ಪದ ಒಂದೇ. ಮೊದಲನೆಯದು ಮಾವನ ಮಾತನ್ನು ತೂಗಿ ನೋಡಿ ಒಪ್ಪಿಕೊಂಡದ್ದು. ಎರಡನೆಯದರಲ್ಲಿ ತೂಗುವ ಕೆಲಸವೇ ಇರಲಿಲ್ಲ. ಇವರಿಗೆ ಹೇಳಿ ಏನು ಪ್ರಯೋಜನ ಅಂತ ಆಗಲೇ ತೀರ್ಮಾನವಾಗಿತ್ತು.

ನಾವು ಮನೆಯಲ್ಲಿ ದಿನಾ ಹೀಗೇ ಮಾಡುತ್ತೇವೆ, ಅಲ್ವಾ? ಅಮ್ಮ ಏನೋ ಹೇಳಿದರೆ ಆಯ್ತಮ್ಮ. ಕ್ಲಿನಿಕ್ಕಿನಲ್ಲಿ ಮಾವನೇ ಕುರ್ಚಿಯಲ್ಲಿ ಕೂತಿದ್ದರೂ ಡಾಕ್ಟರು ಮಾತ್ರೆಯ ಬಗ್ಗೆ ನನಗೆ ಹೇಳುತ್ತಾರೆ. ಮಾವ ಪ್ರಶ್ನೆ ಕೇಳಿದರೆ, ಆಯ್ತು ಸಾರ್, ಏನೂ ಚಿಂತೆ ಇಲ್ಲ. ಬ್ಯಾಂಕಿನಲ್ಲೂ ಅದೇ. ಯಾರೂ ಅಗೌರವ ಮಾಡುತ್ತಿಲ್ಲ. ಎಲ್ಲರೂ ಬಗ್ಗಿ, ನಗುತ್ತಾ, ಸಾರ್ ಅಂತಲೇ ಮಾತಾಡುತ್ತಾರೆ. ಆದರೆ ಮೂವತ್ತು ವರ್ಷದ ಹಿಂದೆ ಇದೇ ಮನುಷ್ಯನ ಜೊತೆ ಟೂಲ್‌ರೂಮಿನಲ್ಲಿ ಜನ ವಾದ ಮಾಡುತ್ತಿದ್ದರು. ಇಲ್ಲ, ನಿಮ್ಮ ಅಳತೆ ತಪ್ಪು, ಇಲ್ಲಿ ನೋಡಿ ಅನ್ನುತ್ತಿದ್ದರು. ಮಾವ ಆ ಜಗಳಗಳ ಕಥೆಯನ್ನು ಎಷ್ಟು ಪ್ರೀತಿಯಿಂದ ಹೇಳುತ್ತಾರೆ! ಈಗ ಅವರ ಜೊತೆ ಯಾರೂ ಜಗಳ ಆಡುವುದಿಲ್ಲ.

ಇನ್ನೊಂದು ಮಾತು. ಮಾವ ತಿಳಿದದ್ದು ತಪ್ಪಲ್ಲ. ಐವತ್ತು ವರ್ಷ ಅದು ಸರಿಯೇ ಇತ್ತು. ಬದಲಾದದ್ದು ಪೆಟ್ರೋಲು. 2023ರ ಫೆಬ್ರವರಿ 6ರಂದು ಇದೇ ಬೆಂಗಳೂರಿನಲ್ಲಿ ಇ20, ಅಂದರೆ ಈ ಇಪ್ಪತ್ತು ಭಾಗ ಎಥನಾಲಿನ ಪೆಟ್ರೋಲು, ಬಿಡುಗಡೆ ಆಯಿತು. 2030ಕ್ಕೆ ಅಂತ ಇಟ್ಟುಕೊಂಡಿದ್ದ ಗುರಿಯನ್ನು 2025ಕ್ಕೇ ತಂದರು. ಕಬ್ಬು, ಮೆಕ್ಕೆಜೋಳ ಬೆಳೆಯುವ ರೈತರಿಗೆ ದುಡ್ಡು ಬರಲಿ, ಹೊರಗಿನಿಂದ ತರಿಸುವ ಎಣ್ಣೆ ಕಡಿಮೆಯಾಗಲಿ ಅನ್ನುವ ಉದ್ದೇಶ ಒಳ್ಳೆಯದೇ. ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಮನೆಯಲ್ಲಿ 70 ವರ್ಷದ ಕಾರು ಇಟ್ಟುಕೊಂಡ ಮನುಷ್ಯನಿಗೆ ಯಾರು ಕೂತು ಹೇಳಬೇಕಿತ್ತು? ಬಂಕಿನ ಹುಡುಗನಲ್ಲ. ನಾನು. ನನ್ನ ಸ್ಕೂಟರಿಗೆ ನಾನೇ ವಾರಕ್ಕೊಮ್ಮೆ ಅದನ್ನು ಹಾಕಿಸುತ್ತೇನೆ.

ಬುಧವಾರ ಸಂಜೆ ಹೋದೆ. ಎಲ್ಲ ಹೇಳಿದೆ. ಎಂಟು ಲೀಟರ್, ಡಬ್ಬ ಸಾಗಿಸಿದ್ದು, ಎಲ್ಲ. ಮಾವ ಬಹಳ ಹೊತ್ತು ಮಾತಾಡಲಿಲ್ಲ.

"ಆ ಹುಡುಗನಿಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತು ಮಾವ."

"ಮತ್ತೆ ನನಗ್ಯಾಕೋ ಹೇಳಲಿಲ್ಲ?"

ಉತ್ತರ ನನ್ನ ಹತ್ತಿರ ಇರಲಿಲ್ಲ. ಅವರು ಅದಕ್ಕೆ ಕಾಯಲೂ ಇಲ್ಲ. ಕಪಾಟಿನಿಂದ ಮಿಲಿಲೀಟರ್ ಗೆರೆಗಳಿದ್ದ ಗಾಜಿನ ಅಳತೆ ಜಾಡಿ ತೆಗೆಸಿದರು. ಸ್ಕೂಟರಿನಿಂದ ಪೆಟ್ರೋಲು ತೆಗೆಯಲು ಹೇಳಿದರು. ಅಂಗಳದಲ್ಲೇ ಕೂತು 90 ಮಿಲಿ ಪೆಟ್ರೋಲು, 10 ಮಿಲಿ ನೀರು ಹಾಕಿ ಕುಲುಕಿದರು. ಕೈ ನಡುಗುತ್ತಿತ್ತು, ಹಿಡಿತ ಮಾತ್ರ ಗಟ್ಟಿ. ನೆಲಕ್ಕಿಟ್ಟು ಇಬ್ಬರೂ ಕಾದೆವು. ಹತ್ತರಲ್ಲಿ ನಿಲ್ಲಬೇಕಿದ್ದ ಗೆರೆ ಇಪ್ಪತ್ತೇಳರ ಹತ್ತಿರ ನಿಂತಿತು. ಮಾವ ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ಮತ್ತೆ ನೋಡಿದರು.

"ಒಂದು ಲೋಟ ಎಲ್ಲಿ ಸಾಕಾಗುತ್ತೆ" ಅಂದರು.

ಆಮೇಲೆ ನನ್ನ ಫೋನಿನಿಂದಲೇ ಹುಡುಗನಿಗೆ ಕರೆ ಮಾಡಿಸಿದರು. ಸ್ಪೀಕರ್ ಹಾಕಿಸಿದರು.

"ಮಳೆಗಾಲಕ್ಕೆ ಟ್ಯಾಂಕು ಪೂರ್ತಿ ಖಾಲಿ ಮಾಡಿ, ಒಣಗಿಸಿ, ಒಳಗೆ ಎಣ್ಣೆ ಸವರಿ ಇಡೋಣ ಅಂತ ಯೋಚನೆ ಮಾಡ್ತಿದೀನಿ. ಮುಚ್ಚಳಕ್ಕೆ ಹೊಸ ವಾಷರ್ ನಾನೇ ಕತ್ತರಿಸ್ತೀನಿ."

"ಆಯ್ತು ಸಾರ್."

"ಆಯ್ತು ಅನ್ನಬೇಡ. ಸರಿಯೋ ತಪ್ಪೋ ಹೇಳು."

ಆ ಕಡೆ ಸ್ವಲ್ಪ ಹೊತ್ತು ಬರೀ ರಸ್ತೆಯ ಸದ್ದು. ಆಮೇಲೆ ಹುಡುಗ ಹೇಳಿದ: "ಸಾರ್, ವಾಷರ್ ಯಾವುದರಲ್ಲಿ ಕತ್ತರಿಸ್ತೀರಿ? ಹಳೇ ರಬ್ಬರ್ ಆದ್ರೆ ಎಥನಾಲ್‌ಗೆ ತಡೆಯಲ್ಲ." ಮಾವ ನನ್ನ ಜೇಬಿನಿಂದ ಪೆನ್ನು ಎಳೆದುಕೊಂಡರು. "ಇರು, ಬರ್ಕೋತೀನಿ" ಅಂದರು.