ಹೈವೇ ಬೇಡ, ಚಂದದ ರಸ್ತೆ ಬೇಕು: ಫ್ರಾನ್ಸ್‌ನಲ್ಲಿ ಯಾವ ರೂಟ್ ಹಿಡಿಯಬೇಕು?

ನಾನು ಫ್ರಾನ್ಸ್‌ನಲ್ಲಿ ಇರುವುದು ಗೊತ್ತಾದ ಕೂಡಲೇ ಬೆಂಗಳೂರಿನ ಗೆಳೆಯರಿಂದ ಹಿಡಿದು ಜರ್ಮನಿಯ ಕನ್ನಡದವರ ತನಕ ಎಲ್ಲರೂ ಕೇಳುವುದು ಒಂದೇ: “ಪ್ಯಾರಿಸ್‌ನಿಂದ ದಕ್ಷಿಣದ ಸಮುದ್ರದ ಕಡೆಗೆ ಕಾರಲ್ಲಿ ಹೋಗಬೇಕು. ಹೈವೇ ಬೇಡ, ಪೂರ್ತಿ ಹಳ್ಳಿ ರಸ್ತೆಯಲ್ಲೇ ಹೋಗಬೇಕು. ಯಾವ ರೂಟ್ ಹಿಡಿಯೋಣ?”

ನನ್ನ ಉತ್ತರ ಕೇಳಿ ಕೆಲವರಿಗೆ ಬೇಜಾರಾಗುತ್ತದೆ. ಪೂರ್ತಿ ಹೋಗಬೇಡಿ. ಸಣ್ಣ ರಸ್ತೆ ಅಂದ ಮಾತ್ರಕ್ಕೆ ಅದು ಚಂದದ ರಸ್ತೆ ಆಗುವುದಿಲ್ಲ. ಪ್ಯಾರಿಸ್‌ನ ತೆಂಕಣಕ್ಕೆ ಬೋಸ್ ಅಂತ ಒಂದು ಸೀಮೆ ಇದೆ. ಕಣ್ಣು ಹಾಯಿಸಿದಷ್ಟೂ ಗೋಧಿ ಹೊಲ, ನಡುವೆ ಗೆರೆ ಎಳೆದಂಥ ರಸ್ತೆ, ಊರು ಬಂದಾಗೆಲ್ಲ ಒಂದು ರೌಂಡ್‌ಅಬೌಟ್. ಅರ್ಧ ಗಂಟೆ ಚೆನ್ನಾಗಿರುತ್ತದೆ, ಆಮೇಲೆ ಆಕಳಿಕೆ. ನಿಮ್ಮ ಹತ್ತಿರ ಇರುವ ನಾಲ್ಕೈದು ದಿನವನ್ನು ಅಲ್ಲಿ ಯಾಕೆ ಖರ್ಚು ಮಾಡಬೇಕು?

ಹಾಗಾಗಿ ಪ್ಯಾರಿಸ್‌ನಲ್ಲಿ ಕಾರು ತಗೊಳ್ಳಲೇಬೇಡಿ. ಬೆರ್ಸಿ ಸ್ಟೇಷನ್ನಿಗೆ ಹೋಗಿ, ನಡು ಫ್ರಾನ್ಸ್‌ನ ಕ್ಲೆರ್ಮಾಂ-ಫೆರಾಂ ಊರಿಗೆ ರೈಲು ಹತ್ತಿ. ಸುಮಾರು ಮೂರೂವರೆ ಗಂಟೆ. ರಾತ್ರಿಯೆಲ್ಲ ವಿಮಾನದಲ್ಲಿ ನಿದ್ದೆಗೆಟ್ಟು ಬಂದವರು ಅದೇ ದಿನ ರಸ್ತೆಯ ಬಲಗಡೆ ಓಡಿಸುವುದನ್ನು ಕಲಿಯುವುದು, ಅದೂ ಪ್ಯಾರಿಸ್‌ನ ರಿಂಗ್ ರೋಡಿನಲ್ಲಿ, ಯಾರಿಗೂ ಬೇಡ. ಕ್ಲೆರ್ಮಾಂನಲ್ಲಿ ಒಂದು ರಾತ್ರಿ ಮಲಗಿ, ಬೆಳಿಗ್ಗೆ ಕಾರು ತಗೊಳ್ಳಿ. ಚಿಕ್ಕ ಕಾರೇ ಸಾಕು. ಆಟೋಮ್ಯಾಟಿಕ್ ಬೇಕಿದ್ದರೆ ಮುಂಚೆಯೇ ಬುಕ್ ಮಾಡಿ, ಇಲ್ಲದಿದ್ದರೆ ಗೇರಿನ ಕಾರೇ ಗತಿ.

ಮಿಶೆಲಿನ್ ಟೈರ್ ಕಂಪನಿಯ ಊರೂ ಇದೇ ಕ್ಲೆರ್ಮಾಂ. ಅವರದ್ದೇ ಒಂದು ಕಾಗದದ ಮ್ಯಾಪ್ ಕೊಳ್ಳಿ. ಒಂದು ಸೆಂಟಿಮೀಟರ್‌ಗೆ ಎರಡು ಕಿಲೋಮೀಟರ್ ಅಳತೆಯದ್ದು. ಅದರಲ್ಲಿ ಕೆಲವು ರಸ್ತೆಗಳ ಪಕ್ಕಕ್ಕೆ ಹಸಿರು ಗೆರೆ ಎಳೆದಿರುತ್ತಾರೆ. ನೋಟ ಚೆನ್ನಾಗಿರುವ ರಸ್ತೆಗೆ ಮಾತ್ರ ಆ ಗೆರೆ. ನನ್ನ ಪ್ಲಾನಿಂಗ್ ಅಂದರೆ ಇಷ್ಟೇ: ಮ್ಯಾಪನ್ನು ಮೇಜಿನ ಮೇಲೆ ಹರಡಿ, ಹಸಿರು ಗೆರೆಗಳನ್ನು ಒಂದಕ್ಕೊಂದು ಜೋಡಿಸುವುದು. ಫೋನಿಗೆ “ಟೋಲ್ ಬೇಡ” ಅಂತ ಹೇಳಿದರೆ ಅದು ಹೈವೇ ಪಕ್ಕದಲ್ಲೇ ಲಾರಿಗಳು ಓಡಾಡುವ ರಸ್ತೆಗೆ ತಳ್ಳುತ್ತದೆ. ಅದಕ್ಕೆ ಬೇಕಿರುವುದು ಉಳಿತಾಯ, ಚಂದ ಅಲ್ಲ.

ಇನ್ನೊಂದು ವಿಷಯ. ಸಣ್ಣ ರಸ್ತೆಗಳ ನಂಬರ್ ‘ಡಿ’ ಅಕ್ಷರದಿಂದ ಶುರುವಾಗುತ್ತದೆ. ಅವನ್ನು ನೋಡಿಕೊಳ್ಳುವುದು ಆಯಾ ಜಿಲ್ಲೆ. ಜಿಲ್ಲೆ ದಾಟಿದರೆ ಅದೇ ರಸ್ತೆಯ ನಂಬರ್ ಬದಲಾಗಿಬಿಡಬಹುದು. ಅದಕ್ಕೇ ನಂಬರ್ ನಂಬಬೇಡಿ. ಮುಂದಿನ ನಾಲ್ಕು ಊರಿನ ಹೆಸರನ್ನು ಚೀಟಿಯಲ್ಲಿ ಬರೆದು ಡ್ಯಾಶ್‌ಬೋರ್ಡಿಗೆ ಅಂಟಿಸಿ. ಕೈಕಂಬದ ಮೇಲೆ ಇರುವುದೂ ಊರಿನ ಹೆಸರುಗಳೇ.

ಸರಿ, ರೂಟ್. ಕ್ಲೆರ್ಮಾಂನಿಂದ ಹಳೆಯ ಜ್ವಾಲಾಮುಖಿ ಬೆಟ್ಟಗಳ ನಡುವೆ ಸಲೇರ್‌ಗೆ ಇಳಿಯಿರಿ. ಕಪ್ಪು ಕಲ್ಲಿನ ಪುಟ್ಟ ಊರು. ಅಲ್ಲಿಂದ ಪ್ಯುಯಿ ಮಾರಿ ಬೆಟ್ಟದ ಪಕ್ಕ ಪಾ ದ ಪೇರೋಲ್ ಕಣಿವೆದಾರಿ, ಎತ್ತರ ಸುಮಾರು 1,590 ಮೀಟರ್. ಚಳಿಗಾಲದಲ್ಲಿ ಹಿಮ ಬಿದ್ದು ಮುಚ್ಚಿರುತ್ತದೆ. ಮ್ಯುರಾ, ಸ್ಯಾಂ-ಫ್ಲೂರ್ ದಾಟಿದ ಮೇಲೆ ಗರಾಬಿ ರೈಲು ಸೇತುವೆ. ಐಫೆಲ್ ಟವರಿಗಿಂತ ಮುಂಚೆ, 1884ರಲ್ಲಿ, ಐಫೆಲ್‌ನ ಕಂಪನಿಯೇ ಕಟ್ಟಿದ್ದು. ಐದು ನಿಮಿಷ ನಿಂತು ನೋಡಿ ಮುಂದೆ ಹೋಗಿ.

ಆಮೇಲೆ ಓಬ್ರಾಕ್. ಇಲ್ಲಿ ಅವಸರ ಬೇಡ. ಮರವೇ ಇಲ್ಲದ ಎತ್ತರದ ಹುಲ್ಲುಗಾವಲು, ಕಲ್ಲಿನ ಬೇಲಿ, ಕಾಡಿಗೆ ಹಚ್ಚಿದಂಥ ಕಣ್ಣಿನ ಕಂದು ಹಸುಗಳು. ಸಸ್ಯಾಹಾರಿಗಳಿಗೆ ಈ ಸೀಮೆಯಲ್ಲಿ ಊಟ ಸಿಗುವುದು ಕಷ್ಟ. ಆದರೆ ಆಲಿಗೋ ಇದೆ. ಬೇಯಿಸಿ ಹಿಸುಕಿದ ಆಲೂಗಡ್ಡೆಗೆ ಹಸಿ ಚೀಸು, ಬೆಳ್ಳುಳ್ಳಿ ಹಾಕಿ ತಿರುವುತ್ತಾರೆ. ಸೌಟು ಎತ್ತಿದರೆ ತಲೆಯ ಮಟ್ಟದ ತನಕ ಹಗ್ಗದ ಹಾಗೆ ಎಳೆ ಬರಬೇಕು. ಪಕ್ಕಕ್ಕೆ ಸಾಮಾನ್ಯವಾಗಿ ಸಾಸೇಜ್ ಇಟ್ಟು ಕೊಡುತ್ತಾರೆ, ಬೇಡ ಅನ್ನಿ. ಊಟಕ್ಕೆ ಮಾತ್ರ 12ರಿಂದ 1:30ರ ಒಳಗೆ ಹೋಗಿ ಕೂತುಬಿಡಿ. ಎರಡರ ಮೇಲೆ ಹೋದರೆ ಹಳ್ಳಿ ಹೋಟೆಲ್‌ನಲ್ಲಿ ಕಾಫಿ ಕೊಟ್ಟರೆ ಪುಣ್ಯ. ಸೋಮವಾರ ಬಾಗಿಲು ಹಾಕಿರುವುದೂ ಜಾಸ್ತಿ.

ಮುಂದೆ ಟಾರ್ನ್ ನದಿಯ ಕಮರಿ. ಸ್ಯಾಂತ್-ಎನಿಮಿಯಿಂದ ಲಾ ಮಲೆನ್ ಕಡೆಗೆ ನದಿಯ ಪಕ್ಕದಲ್ಲೇ ರಸ್ತೆ. ಒಂದು ಕಡೆ ನೀರು, ಇನ್ನೊಂದು ಕಡೆ ತಲೆಯ ಮೇಲೆ ಬಾಗಿದ ಬಂಡೆ. ಎದುರಿಗೆ ಕ್ಯಾಂಪರ್ ವ್ಯಾನ್ ಬಂದಾಗ ಚಿಕ್ಕ ಕಾರು ಯಾಕೆ ಅಂದೆ ಅಂತ ಗೊತ್ತಾಗುತ್ತದೆ. ಆಗುಂಬೆ ಘಾಟಿ ಓಡಿಸಿದವರಿಗೆ ತಿರುವು ಹೊಸದಲ್ಲ. ಹಾರ್ನ್ ಹೊಡೆಯದೇ ಓಡಿಸುವುದು ಸ್ವಲ್ಪ ಹೊಸದು. ಕಮರಿ ನೋಡಿ ಹಿಂದಿರುಗಿ ಫ್ಲೊರಾಕ್‌ಗೆ ಬನ್ನಿ, ಅಲ್ಲಿಂದ ಸೆವೆನ್ (Cévennes) ಅನ್ನುವ ಬೆಟ್ಟಸಾಲಿನ ಏಣಿನ ಮೇಲೆ ಹೋಗುವ ಕಾರ್ನಿಶ್ ರಸ್ತೆ ಹಿಡಿದು ಸ್ಯಾಂ-ಜಾಂ-ದ್ಯು-ಗಾರ್. ದಂಗೆ ಎದ್ದ ಪ್ರಾಟೆಸ್ಟೆಂಟರನ್ನು ಅಡಗಿಸಲು 14ನೇ ಲೂಯಿಯ ಸೈನ್ಯ ಬಳಸಿದ ದಾರಿ ಇದು. ಈಗ ಸೈನಿಕರ ಬದಲು ಬೈಕಿನವರು. ಅಲ್ಲಿಂದ ದಕ್ಷಿಣದ ಸಮುದ್ರಕ್ಕೆ ಹತ್ತಿರದ ನೀಮ್ ನಗರಕ್ಕೆ ಇಳಿದು ಕಾರು ಒಪ್ಪಿಸಿಬಿಡಿ. ಬೇರೆ ಊರಲ್ಲಿ ಬಿಟ್ಟಿದ್ದಕ್ಕೆ ಸ್ವಲ್ಪ ಹೆಚ್ಚು ದುಡ್ಡು ಕೇಳಬಹುದು, ಕೊಡಿ.

ಈ ರಸ್ತೆಗಳಲ್ಲಿ ಗಂಟೆಗೆ 50 ಕಿಲೋಮೀಟರ್ ಲೆಕ್ಕ ಹಾಕಿ, ಅದಕ್ಕಿಂತ ಜಾಸ್ತಿ ಆಗುವುದಿಲ್ಲ. 2018ರ ಜುಲೈಯಿಂದ ಇಂಥ ರಸ್ತೆಗಳ ಮಿತಿ 80. ಕೆಲವು ಜಿಲ್ಲೆಗಳು ಆಮೇಲೆ ಮತ್ತೆ 90 ಮಾಡಿಕೊಂಡಿವೆ, ಬೋರ್ಡ್ ನೋಡಿ. ಕೆಂಪು ಅಂಚಿನ ಊರಿನ ಹೆಸರಿನ ಬೋರ್ಡ್ ಬಂತು ಅಂದರೆ, ಬೇರೆ ಏನೂ ಬರೆದಿರದಿದ್ದರೂ ಮಿತಿ 50. ಹೆಸರಿನ ಮೇಲೆ ಅಡ್ಡಗೆರೆ ಕಂಡರೆ ಊರು ಮುಗಿಯಿತು. (2023ರ ಕೊನೆಗೆ ರೈತರು ಪ್ರತಿಭಟನೆಗೆ ಈ ಬೋರ್ಡುಗಳನ್ನೇ ತಲೆಕೆಳಗು ಮಾಡಿದ್ದರು. ಎಲ್ಲಾದರೂ ಇನ್ನೂ ಹಾಗೇ ಇದ್ದರೆ ಗಾಬರಿಯಾಗಬೇಡಿ.)

ಒಂದು ನಿಯಮ ಮಾತ್ರ ಬಾಯಿಪಾಠ ಮಾಡಿ. ಬೋರ್ಡ್, ಗೆರೆ ಏನೂ ಇಲ್ಲದ ಕ್ರಾಸಿನಲ್ಲಿ ಬಲಗಡೆಯಿಂದ ಬರುವವರದ್ದೇ ಮೊದಲ ಹಕ್ಕು. ನೀವು ದೊಡ್ಡ ರಸ್ತೆಯಲ್ಲಿದ್ದೀರಿ, ಅವರು ಓಣಿಯಿಂದ ಬರುತ್ತಿದ್ದಾರೆ ಅನ್ನುವುದು ಲೆಕ್ಕಕ್ಕಿಲ್ಲ. ಹಳ್ಳಿಯ ಅಜ್ಜಂದಿರು ನಿಮ್ಮತ್ತ ತಿರುಗಿಯೂ ನೋಡದೆ ಬಂದುಬಿಡುತ್ತಾರೆ, ಕಾನೂನು ಅವರ ಕಡೆಗೇ ಇದೆ. ಹಳದಿ ವಜ್ರದಾಕಾರದ ಬೋರ್ಡ್ ಇದ್ದರೆ ಹಕ್ಕು ನಿಮ್ಮದು.

ಜೂನ್ ಅಥವಾ ಸೆಪ್ಟೆಂಬರ್ ಒಳ್ಳೆಯದು. ಜುಲೈ, ಆಗಸ್ಟ್‌ನ ಶನಿವಾರ ಅರ್ಧ ಫ್ರಾನ್ಸ್ ರಸ್ತೆಯಲ್ಲಿರುತ್ತದೆ. ಊರಿನ ಲೈಸೆನ್ಸ್ ಜೊತೆಗೆ ಆರ್‌ಟಿಒದಿಂದ ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸಿಕೊಂಡು ಬನ್ನಿ. ಪೆಟ್ರೋಲ್ ಅರ್ಧ ಟ್ಯಾಂಕ್ ಆದಾಗಲೇ ತುಂಬಿಸಿ, ಸೂಪರ್‌ಮಾರ್ಕೆಟ್ ಬಂಕಿನಲ್ಲಿ ಅಗ್ಗ.

ಇಷ್ಟು ಹೇಳಿದ ಮೇಲೂ “ಇದನ್ನೆಲ್ಲ ಒಂದೇ ದಿನದಲ್ಲಿ ಮುಗಿಸೋಕೆ ಆಗಲ್ವಾ?” ಅನ್ನುವವರು ಇದ್ದೇ ಇರುತ್ತಾರೆ. ಆಗುತ್ತದೆ. ಕ್ಲೆರ್ಮಾಂನಿಂದ ಎ75 ಹೈವೇ ಹಿಡಿಯಿರಿ. ಮಿಯೋ ಸೇತುವೆ ಒಂದನ್ನು ಬಿಟ್ಟರೆ ಟೋಲ್ ಕೂಡ ಇಲ್ಲ, ಸಂಜೆಯೊಳಗೆ ಸಮುದ್ರ.