ಮಾಮಿಟು ಅವರ ಕೈ

ಬೆಳಗ್ಗೆಯಿಂದ ಇಥಿಯೋಪಿಯಾದ ಮಾಮಿಟು ಗಾಶೆ ಅವರೇ ತಲೆಯಲ್ಲಿ ಕೂತಿದ್ದಾರೆ. ಹದಿಹರೆಯದಲ್ಲೇ ಮೊದಲ ಹೆರಿಗೆ. ದಿನಗಟ್ಟಲೆ ನೋವು ತಿಂದರೂ ಮಗು ಉಳಿಯಲಿಲ್ಲ, ಮೈಯೂ ಹರಿದುಹೋಯಿತು. ಹೆರಿಗೆ ಅಡ್ಡಗಟ್ಟಿದಾಗ ಮಗುವಿನ ತಲೆ ಒತ್ತಿ ಒತ್ತಿ ಒಳಗಿನ ಮಾಂಸ ಸತ್ತು, ಮೂತ್ರಕೋಶಕ್ಕೂ ಯೋನಿಗೂ ನಡುವೆ ತೂತು ಬೀಳುತ್ತದೆ. ಆಮೇಲೆ ಹಗಲೂ ರಾತ್ರಿ ಸೋರಿಕೆ. ಎಷ್ಟೋ ಹೆಣ್ಣುಮಕ್ಕಳನ್ನು ಗಂಡಂದಿರೇ ಮನೆಯಿಂದ ಹೊರಗಟ್ಟುತ್ತಾರೆ. ಫಿಸ್ಟುಲಾ ಎಂಬ ಪುಟ್ಟ ಹೆಸರೊಳಗೆ ಇಷ್ಟೆಲ್ಲ ಇದೆ.

1959ರಲ್ಲಿ ಅಡಿಸ್ ಅಬಾಬಾಗೆ ಬಂದ ವೈದ್ಯ ದಂಪತಿ ಕ್ಯಾಥರೀನ್ ಮತ್ತು ರೆಜಿನಾಲ್ಡ್ ಹ್ಯಾಮ್ಲಿನ್ ಮಾಮಿಟು ಅವರಿಗೆ ಚಿಕಿತ್ಸೆ ಕೊಟ್ಟರು. ಆಕೆ ಆಸ್ಪತ್ರೆಯಲ್ಲೇ ಉಳಿದರು. ಹಾಸಿಗೆ ಸರಿಮಾಡುತ್ತ, ಆಪರೇಷನ್ ಥಿಯೇಟರಿನಲ್ಲಿ ಉಪಕರಣ ಎತ್ತಿಕೊಡುತ್ತ, ನೋಡುತ್ತ ನೋಡುತ್ತ ಇಂಥ ತೂತುಗಳನ್ನು ಹೊಲಿಯಲು ಕಲಿತರು. ಓದು ಬರಹ ಕಲಿಯದೆ ಬಂದವರು! ಮುಂದೆ ಡಿಗ್ರಿ ಪಡೆದು ಬಂದ ಸರ್ಜನ್‌ಗಳಿಗೆ ಆಕೆಯೇ ಕೈ ಹಿಡಿದು ಕಲಿಸಿದರು.

ನನಗೆ ಇದರಲ್ಲಿ ಅಚ್ಚರಿಗಿಂತ ನ್ಯಾಯ ಕಾಣುತ್ತದೆ. ಈ ವಿದ್ಯೆ ಪುಸ್ತಕದಿಂದಷ್ಟೇ ಬರುವುದಿಲ್ಲ. ಗಟ್ಟಿಯಾದ ಗಾಯದ ಕಲೆಯನ್ನು ಬಿಡಿಸಬೇಕು, ಮೂತ್ರನಾಳಕ್ಕೆ ಸೂಜಿ ತಾಗಬಾರದು, ಎಳೆತ ಬೀಳದಂತೆ ಹೊಲಿಯಬೇಕು. ಸುಲಭದ ತೂತುಗಳಿಂದ ಶುರುಮಾಡಿ ವರ್ಷಗಟ್ಟಲೆ ಪಳಗಬೇಕು. ದುಬಾರಿ ಯಂತ್ರ ಬೇಡ. ಒಳ್ಳೆಯ ಬೆಳಕು, ಕೆಲವು ಉಪಕರಣ, ಆಮೇಲೆ ಮೂತ್ರ ಹೊರಹರಿಸುವ ನಳಿಕೆ, ಅಂದರೆ ಕ್ಯಾತಿಟರ್, ಕಟ್ಟಿಕೊಳ್ಳದಂತೆ ದಿನವಿಡೀ ನೋಡಿಕೊಳ್ಳುವ ನರ್ಸ್ ಬೇಕೇ ಬೇಕು.

ಹೊಲಿಗೆ ಮುಗಿದ ಮೇಲೆ ಮೂತ್ರಕೋಶಕ್ಕೆ ನೀಲಿ ಬಣ್ಣದ ನೀರು ತುಂಬಿ ನೋಡುತ್ತಾರಂತೆ. ಯೋನಿಯೊಳಗಿಟ್ಟ ಬಟ್ಟೆ ಬೆಳ್ಳಗೇ ಇದ್ದರೆ ತೂತು ಮುಚ್ಚಿದೆ ಎಂದರ್ಥ. ಆ ಬಿಳಿ ಬಟ್ಟೆಯನ್ನು ಆಕೆ ಎಷ್ಟು ಸಲ ನೋಡಿರಬಹುದು!