ಫೈನ್ ಕಟ್ಟುವ ಮುಂಚೆ 64ಎ ಕಲಂ ಕೇಳಿ

ಎರಡು ಪೊಟ್ಟಣ ಗಾಂಜಾ ಜೊತೆ ಸಿಕ್ಕಿಬಿದ್ದ ಹುಡುಗನಿಗೆ ಕೋರ್ಟ್ ಆವರಣದಲ್ಲಿ ಸಿಗುವ ಮೊದಲ ಸಲಹೆ: "ತಪ್ಪೊಪ್ಪಿಕೊಂಡು ಫೈನ್ ಕಟ್ಟಿಬಿಡು, ಇವತ್ತೇ ಮುಗಿಯುತ್ತೆ." ಮುಗಿಯುವುದಿಲ್ಲ. ಫೈನ್ ಎಷ್ಟೇ ಚಿಕ್ಕದಿದ್ದರೂ ಅಪರಾಧಿ ಎಂಬ ದಾಖಲೆ ಉಳಿಯುತ್ತದೆ. ಚಟವೂ ಉಳಿಯುತ್ತದೆ.

ಮಾದಕವಸ್ತುಗಳ ಕೇಸು ನಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಶಿಕ್ಷೆ ನಿಂತಿರುವುದು ತೂಕದ ಮೇಲೆ. ಗಾಂಜಾ 1 ಕೆಜಿ, ಚರಸ್ 100 ಗ್ರಾಂ, ಹೆರಾಯಿನ್ 5 ಗ್ರಾಂ, ಎಂಡಿಎಂಎ ಎಂಬ ರಾಸಾಯನಿಕ ಮಾದಕವಸ್ತು ಅರ್ಧ ಗ್ರಾಂ: ಇಷ್ಟರೊಳಗಿದ್ದರೆ 'ಅಲ್ಪ ಪ್ರಮಾಣ'. ಹೆರಾಯಿನ್‌ಗೆ ಬೆರೆಸಿದ ಪುಡಿಯನ್ನೂ ಸೇರಿಸಿಯೇ ತೂಗಬೇಕೆಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹೂವಿನ ತೆನೆ ಇಲ್ಲದ ಬರೀ ಎಲೆ, ಬೀಜ ಕಾಯ್ದೆಯ ಲೆಕ್ಕದಲ್ಲಿ ಗಾಂಜಾ ಅಲ್ಲ. ಹಾಗಾಗಿ ತೂಗಿದ್ದು ಏನನ್ನು ಎಂದು ಮಹಜರು (ಪೊಲೀಸರ ಜಪ್ತಿ ದಾಖಲೆ) ತೆಗೆದು ಓದಿ.

ಅಲ್ಪ ಪ್ರಮಾಣದ ಅಥವಾ 27ನೇ ಕಲಮಿನ ಸೇವನೆ ಕೇಸಿನ ವ್ಯಸನಿ ತಾನಾಗಿ ಮುಂದೆ ಬಂದು ಚಿಕಿತ್ಸೆ ಪಡೆದರೆ, ಇದೇ ಕಾಯ್ದೆಯ 64ಎ ಕಲಮಿನ ಪ್ರಕಾರ ವಿಚಾರಣೆಯಿಂದಲೇ ವಿನಾಯಿತಿ ಇದೆ. ಕೆಡುವುದು ಮೂರು ಕಡೆ. ಒಂದು, ಸೇರುವ ಚಿಕಿತ್ಸಾ ಕೇಂದ್ರವು ಸರ್ಕಾರದ್ದು ಅಥವಾ ಸ್ಥಳೀಯ ಸಂಸ್ಥೆಯದು, ಇಲ್ಲವೇ ಅವುಗಳ ಮಾನ್ಯತೆ ಪಡೆದದ್ದಾಗಿರಬೇಕು. ಕೂಡಿಹಾಕಿ ಹೊಡೆಯುವ ಖಾಸಗಿ ಕೇಂದ್ರಗಳ ಚೀಟಿ ನಂಬಿ ಹೋಗಬೇಡಿ. ಎರಡು, ಅವಲಂಬನೆ ಇದೆ ಎಂದು ವೈದ್ಯರು ಬರೆದುಕೊಡಬೇಕು. ಒಮ್ಮೆ ಸೇದಿ ನೋಡಿದವನು ವ್ಯಸನಿ ಅಲ್ಲ. ಮೂರು, ನಡುವೆ ಬಿಟ್ಟು ಬಂದರೆ ವಿನಾಯಿತಿ ವಾಪಸ್ ಪಡೆಯಬಹುದು. ಈ ಹಂತ ದಾಟಿ ಅಪರಾಧಿ ಎಂದು ತೀರ್ಪಾದರೂ 39ನೇ ಕಲಂ ಇದೆ: ಜೈಲಿನ ಬದಲು, ಮುಚ್ಚಳಿಕೆ ಬರೆಸಿಕೊಂಡು ಚಿಕಿತ್ಸೆಗೆ ಕಳಿಸಬಹುದು.

ಚಟಕ್ಕಾಗಿ ಮೊಬೈಲ್ ಕದ್ದರೆ 64ಎ ಕಾಪಾಡುವುದಿಲ್ಲ. ತಾನಾಗಿ ಏರಿಸಿಕೊಂಡ ನಶೆಯೂ ನೆಪವಾಗದು, ಅದು ಸರಿಯೇ. ಆದರೆ 5,000 ರೂಪಾಯಿಗಿಂತ ಕಡಿಮೆ ಬೆಲೆಯ ಮಾಲು, ಮೊದಲ ಸಲದ ಅಪರಾಧ, ವಸ್ತು ಅಥವಾ ಅದರ ಬೆಲೆ ವಾಪಸ್ — ಇವಿಷ್ಟೂ ಕೂಡಿದರೆ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಂ ಸಮುದಾಯ ಸೇವೆಯ ಶಿಕ್ಷೆ ಹೇಳುತ್ತದೆ. ಕದ್ದದ್ದನ್ನು ಮೊದಲು ಹಿಂದಿರುಗಿಸಿ.

ಹೆರಾಯಿನ್ ಚಟವಿದ್ದವರ ಮನೆಯವರಿಗೆ ಇನ್ನೊಂದು ಮಾತು. ಜೈಲಿನಲ್ಲಿ ಕೆಲವು ವಾರ ಸೇವನೆ ನಿಂತರೆ ದೇಹ ತಡೆದುಕೊಳ್ಳುವ ಶಕ್ತಿ ಇಳಿದಿರುತ್ತದೆ. ಹೊರಬಂದು ಹಳೆಯ ಪ್ರಮಾಣವನ್ನೇ ತೆಗೆದುಕೊಂಡರೆ ಉಸಿರು ನಿಲ್ಲಬಹುದು. ಬಿಡುಗಡೆಯಾದ ದಿನವೇ, ಹೆರಾಯಿನ್ ಚಟದ ಚಿಕಿತ್ಸೆಯ ಔಷಧಿ ಬ್ಯುಪ್ರೆನಾರ್ಫಿನ್ ಕೊಡುವ ಆಸ್ಪತ್ರೆಗೆ ಕರೆದೊಯ್ಯಿರಿ. ಎಲ್ಲಿಗೆ ಎಂದು ಗೊತ್ತಿಲ್ಲದಿದ್ದರೆ ಸರ್ಕಾರದ ಸಹಾಯವಾಣಿ 14446ಕ್ಕೆ ಕರೆ ಮಾಡಿ.